ರೋಗಿಯ ಹಕ್ಕು, ವೈದ್ಯನ ಹೊಣೆ

ವೈದ್ಯನಲ್ಲಿ ದೇವರನ್ನು ಕಾಣುವುದು ನಮ್ಮ ಜನರ ಹಳೆಯ ವಾಡಿಕೆ. ಆ ನಂಬಿಕೆ ಒಳ್ಳೆಯದೇ. ಆದರೆ ನಂಬಿಕೆಯೊಡನೆ ನಿಯಮವೂ ಇರಬೇಕಾಗುತ್ತದೆ. ಏಕೆಂದರೆ ಹಾಸಿಗೆ ಹಿಡಿದವನು ತನ್ನ ದೇಹವನ್ನೂ ಹಣವನ್ನೂ ಒಟ್ಟಿಗೇ ಪರರ ಕೈಗೊಪ್ಪಿಸಿರುತ್ತಾನೆ. ಪ್ರಶ್ನಿಸುವ ಶಕ್ತಿ ಆಗ ಅವನಲ್ಲಿರುವುದಿಲ್ಲ. ಅಂಥವನಿಗೆ ಕಾಯಿದೆಯು ಹೇಗೆ ಆಸರೆಯಾಗಿದೆಯೆಂಬುದನ್ನು ನಾವು ವಿಚಾರಿಸೋಣ.

ನಾವು ನೆಲೆಸಿರುವ ಮಹಾರಾಷ್ಟ್ರದಲ್ಲಿ ಖಾಸಗಿ ಶುಶ್ರೂಷಾಲಯಗಳ ನೋಂದಣಿಯ ಕಾಯಿದೆಯು 1949ರಷ್ಟು ಹಳೆಯದು. ವಾಶಿಯಲ್ಲಿ ಈ ನೋಂದಣಿಯ ಹೊಣೆ ನವಿ ಮುಂಬಯಿ ಮಹಾನಗರಪಾಲಿಕೆಯದು. 2021ರ ಜನವರಿಯಲ್ಲಿ ಇದರ ನಿಯಮಗಳು ತಿದ್ದುಪಡಿಯಾದವು. ಅವುಗಳ ಪ್ರಕಾರ ಆಸ್ಪತ್ರೆಯು ರೋಗಿಗಳ ಹಕ್ಕುಗಳ ಸನದನ್ನೂ ದರಪಟ್ಟಿಯನ್ನೂ ಎಲ್ಲರಿಗೂ ಕಾಣುವಂತೆ ಹಾಕತಕ್ಕದ್ದು; ಹಣ ಬಾಕಿಯೆಂದು ಮೃತದೇಹವನ್ನು ತಡೆಹಿಡಿಯಕೂಡದು. ಕರ್ನಾಟಕವೂ 2017ರಲ್ಲಿ ತನ್ನ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯನ್ನು ತಿದ್ದಿತು. ಅದನ್ನು ವಿರೋಧಿಸಿ ಆ ವರ್ಷದ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ ಕಷ್ಟಕ್ಕೀಡಾದವರು ರೋಗಿಗಳೇ.

ನ್ಯಾಯಾಲಯಗಳೂ ಈ ಹಾದಿಯಲ್ಲಿ ನಡೆದಿವೆ. ಅಪಘಾತಕ್ಕೀಡಾದವನಿಗೆ ಮೊದಲು ಚಿಕಿತ್ಸೆ, ಪೋಲೀಸು ವಿಧಿಗಳು ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸಾರಿತು. ಹಣ ಪಡೆದು ನೀಡುವ ಚಿಕಿತ್ಸೆಯು ಗ್ರಾಹಕ ಸಂರಕ್ಷಣ ಕಾಯಿದೆಗೆ ಒಳಪಡುತ್ತದೆಂದು 1995ರಲ್ಲಿ ನಿರ್ಣಯಿಸಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ನಡೆಯುವ ಆಸ್ಪತ್ರೆಗಳಿಗೆ ಇದು ಅನ್ವಯಿಸದು. 2019ರ ಹೊಸ ಗ್ರಾಹಕ ಕಾಯಿದೆಯಿಂದ ವೈದ್ಯರು ಹೊರಗಾದರೇ ಎಂಬ ಪ್ರಶ್ನೆ ಎದ್ದಾಗ, ಇಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪಿತ್ತಿತು. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ಮಾರ್ಗಗಳು ಇವುಗಳನ್ನು ತಿಳಿಸಿದ ಬಳಿಕ ಪಡೆದ ಸಮ್ಮತಿಯೇ ನಿಜವಾದ ಸಮ್ಮತಿಯೆಂಬುದು 2008ರ ತೀರ್ಪು.

ಹಾಗೆಂದು ರೋಗಿಯು ಗುಣವಾಗದಿದ್ದರೆ ವೈದ್ಯನು ಅಪರಾಧಿಯೆಂದು ತಿಳಿಯಬಾರದು. ಸಾಮಾನ್ಯ ಕುಶಲತೆಯುಳ್ಳ ವೈದ್ಯನು ವಹಿಸತಕ್ಕ ಎಚ್ಚರವನ್ನು ಅವನು ವಹಿಸಿದನೇ ಎಂಬುದೇ ಪ್ರಶ್ನೆ. ತೀವ್ರವಾದ ಅಲಕ್ಷ್ಯವಿದ್ದರೆ ಮಾತ್ರ ಅದು ದಂಡನೀಯವೆಂದು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿವರಿಸಿದೆ. ಸಿಟ್ಟಿನಿಂದ ವೈದ್ಯರ ಮೇಲೆ ಕೈಮಾಡುವುದು ಮಹಾರಾಷ್ಟ್ರದ 2010ರ ಕಾಯಿದೆಯಂತೆ ಅಪರಾಧ. ದೂರಿಗೆ ದಾರಿಯಿರುವಲ್ಲಿ ಮುಷ್ಟಿಗೆ ಸ್ಥಾನವಿಲ್ಲ.

ವಿದ್ಯಾರ್ಥಿಗಳಾದ ನಮಗೆ ಇದರಲ್ಲೇನು ಕೆಲಸವೆಂದು ಕೇಳಬಹುದು. ನಮ್ಮ ಮನೆಗಳ ಅಜ್ಜ ಅಜ್ಜಿಯರಲ್ಲಿ ಹಲವರಿಗೆ ಮರಾಠಿ, ಇಂಗ್ಲಿಷುಗಳ ಓದು ಬಾರದು. ಸಮ್ಮತಿಪತ್ರವೋ ಬಹುತೇಕ ಆ ಭಾಷೆಗಳಲ್ಲಿರುತ್ತದೆ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಓದಿ ಕನ್ನಡದಲ್ಲಿ ತಿಳಿಸುವುದು ನಮ್ಮಿಂದಾಗುವ ಸೇವೆ. ತಿಳಿಯದ ಮಾತನ್ನು ವೈದ್ಯರನ್ನೇ ವಿನಯದಿಂದ ಕೇಳಬೇಕು. ಔಷಧದ ಚೀಟಿ, ಪರೀಕ್ಷೆಯ ವರದಿ, ಹಣದ ರಸೀದಿ ಇವುಗಳನ್ನು ಜೋಪಾನವಾಗಿಡಬೇಕು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಲಿಯ ನಿಯಮವಿದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿಯುಂಟು. ರೋಗಿಯೂ ತನ್ನ ಹಿಂದಿನ ಬೇನೆಗಳನ್ನು ಮುಚ್ಚಿಡದೆ ಹೇಳಬೇಕು.

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಬಲ್ಲವನೊಬ್ಬನು ರೋಗಿಯ ಹಾಸಿಗೆಯ ಬಳಿ ಇರಬೇಕು.