ಕಥಾನಾಯಕನ ಮೈಬಣ್ಣ

ಈ ಸಲ ನಮ್ಮ ಭಿತ್ತಿಪತ್ರಿಕೆಗೆ ಬಂದ ಕಥೆಗಳಲ್ಲಿ ನಾಲ್ಕು ಇಂಗ್ಲಿಷಿನವು. ನಾಲ್ಕರಲ್ಲೂ ನಾಯಕಿಗೆ ನೀಲಿ ಕಣ್ಣು. ಎರಡರಲ್ಲಿ ಹೊರಗೆ ಹಿಮ ಬೀಳುತ್ತಿತ್ತು. ಬರೆದವರು ಮಾತ್ರ ಜೂನ್ ತಿಂಗಳಲ್ಲಿ ಒದ್ದೆ ಕೊಡೆ ಮಡಚಿಕೊಂಡು ತರಗತಿಗೆ ಓಡಿ ಬರುವ ನಮ್ಮ ಹುಡುಗಿಯರು. ಮೊದಲು ನಗು ಬಂತು. ಆಮೇಲೆ, ಅದೇ ವಯಸ್ಸಿನಲ್ಲಿ ನಾನು ಬರೆದ ಪತ್ತೇದಾರನ ಹೆಸರು ರಾಬರ್ಟ್ ಎಂಬುದು ನೆನಪಾಗಿ ಸುಮ್ಮನಾದೆ.

ಇದು ನಮ್ಮ ಊರಿನ ರೋಗವಲ್ಲ. ನೈಜೀರಿಯಾದ ಲೇಖಕಿ ಚಿಮಮಾಂಡ ಅಡಿಚೆ 2009ರ ಒಂದು ಭಾಷಣದಲ್ಲಿ ತಮ್ಮ ಬಾಲ್ಯದ ಬಗ್ಗೆ ಇದನ್ನೇ ಹೇಳಿದ್ದಾರೆ. ಏಳನೇ ವಯಸ್ಸಿಗೆ ಕಥೆ ಬರೆಯಲು ಕುಳಿತ ಆ ಹುಡುಗಿಯ ಪಾತ್ರಗಳೆಲ್ಲ ಬಿಳಿಯರು; ಹಿಮದಲ್ಲಿ ಆಡುತ್ತಿದ್ದರು, ಸೇಬು ತಿನ್ನುತ್ತಿದ್ದರು. ಆಕೆಯ ಮನೆಯಲ್ಲಿ ತಿನ್ನುತ್ತಿದ್ದುದು ಮಾವಿನ ಹಣ್ಣು. ಓದಿದ ಪುಸ್ತಕಗಳೆಲ್ಲ ಬ್ರಿಟನ್, ಅಮೆರಿಕದವು. ಹಾಗಾಗಿ ತನ್ನಂಥವರು ಪುಸ್ತಕದೊಳಗೆ ಇರಲು ಸಾಧ್ಯ ಎಂಬುದೇ ಆಕೆಗೆ ಹೊಳೆದಿರಲಿಲ್ಲ.

ಈ ಕೊರತೆಯನ್ನು ಲೆಕ್ಕ ಹಾಕಿ ತೋರಿಸಿದವರೂ ಇದ್ದಾರೆ. ಅಮೆರಿಕದ ಶಿಕ್ಷಣ ತಜ್ಞೆ ನ್ಯಾನ್ಸಿ ಲ್ಯಾರಿಕ್ ಅಲ್ಲಿನ 63 ಪ್ರಕಾಶಕರು ಮೂರು ವರ್ಷಗಳಲ್ಲಿ ತಂದ 5,206 ಮಕ್ಕಳ ಪುಸ್ತಕಗಳ ಲೆಕ್ಕ ತೆಗೆದು 1965ರಲ್ಲಿ ಒಂದು ಲೇಖನ ಬರೆದರು. ಒಬ್ಬನಾದರೂ ಕಪ್ಪು ವ್ಯಕ್ತಿ ಇದ್ದ ಪುಸ್ತಕಗಳು ಕೇವಲ 349, ಅಂದರೆ ನೂರಕ್ಕೆ ಏಳೂ ಇಲ್ಲ. ಗಮನಿಸಿ, ಇದು ನಾಯಕರ ಲೆಕ್ಕವಲ್ಲ. ಚಿತ್ರದ ಮೂಲೆಯಲ್ಲಿ ನಿಂತವರೂ ಇದರಲ್ಲಿ ಸೇರಿದ್ದಾರೆ.

ಆ ದಿನಗಳಲ್ಲೇ, 1962ರಲ್ಲಿ, ಎಜ್ರಾ ಜಾಕ್ ಕೀಟ್ಸ್ ಎಂಬ ಚಿತ್ರಕಾರನ 'ದ ಸ್ನೋಯಿ ಡೇ' ಬಂದಿತ್ತು. ಕಥೆ ಎಂದರೆ ಇಷ್ಟೇ: ಪೀಟರ್ ಎಂಬ ಪುಟ್ಟ ಕಪ್ಪು ಹುಡುಗ ಹಿಮದಲ್ಲಿ ಆಡುತ್ತಾನೆ, ಒಂದು ಹಿಮದುಂಡೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ, ಅದು ಕರಗಿ ಹೋಗುತ್ತದೆ. ಅವನ ಮೈಬಣ್ಣದ ಬಗ್ಗೆ ಪುಸ್ತಕದಲ್ಲಿ ಒಂದು ಮಾತೂ ಇಲ್ಲ, ಚಿತ್ರದಲ್ಲಿದೆ ಅಷ್ಟೇ. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಚಿತ್ರಪುಸ್ತಕಗಳ ದೊಡ್ಡ ಗೌರವವಾದ ಕಾಲ್ಡೆಕಾಟ್ ಪದಕ ಬಂತು. 2020ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ತನ್ನ 125 ವರ್ಷಗಳ ಲೆಕ್ಕ ನೋಡಿದಾಗ ಅತಿ ಹೆಚ್ಚು ಸಲ ಎರವಲು ಹೋದ ಪುಸ್ತಕವೂ ಇದೇ ಆಗಿತ್ತು.

ಆದರೆ ಲ್ಯಾರಿಕ್‌ಗೆ ಈ ಪುಸ್ತಕದ ಮೇಲೂ ಆಕ್ಷೇಪವಿತ್ತು. ಹುಡುಗ ಕಪ್ಪು ಎಂದು ಬಾಯಿಬಿಟ್ಟು ಹೇಳಿಲ್ಲ ಏಕೆ? ತಾಯಿಯನ್ನು ಹಳೆಯ ಅಚ್ಚಿನ ದಪ್ಪ ಹೆಂಗಸಿನಂತೆ ಬರೆದದ್ದೇಕೆ? ಕೀಟ್ಸ್ ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬದವರು, ಕಪ್ಪು ಜನಾಂಗದವರಲ್ಲ. ತಾಯಿಯ ಚಿತ್ರದ ಬಗ್ಗೆ ಲ್ಯಾರಿಕ್ ಮಾತಿನಲ್ಲಿ ಹುರುಳಿರಬಹುದು. ಮೊದಲನೆಯ ಆಕ್ಷೇಪ ಮಾತ್ರ ನನಗೆ ಒಪ್ಪಿಗೆಯಿಲ್ಲ. ಹಿಮದಲ್ಲಿ ಆಡಲು ಪೀಟರ್ ಯಾರಿಗೂ ಕಾರಣ ಕೊಡಬೇಕಾಗಿಲ್ಲ. ತರಗತಿಯಲ್ಲಿ ಇದರ ಬಗ್ಗೆ ಜಗಳವಾಡಲು ನೀವು ಸ್ವತಂತ್ರರು.

ಇನ್ನು ಪಾಠದ ಭಾಗ. ಹೆಚ್ಚು ಪುಟಗಳಲ್ಲಿ ಕಾಣಿಸಿಕೊಳ್ಳುವುದೇ ಮುಖ್ಯ ಪಾತ್ರ ಎಂದು ಉತ್ತರ ಬರೆದರೆ ನಾನು ಅರ್ಧ ಅಂಕ ಕೊಡುತ್ತೇನೆ. ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್ ಬರ್ಡ್' (1960) ನೋಡಿ. ಅನ್ಯಾಯವಾಗುವುದು ಟಾಮ್ ರಾಬಿನ್ಸನ್ ಎಂಬ ಕಪ್ಪು ಮನುಷ್ಯನಿಗೆ, ಸಾಯುವವನೂ ಅವನೇ. ಆದರೆ ಕಥೆ ಹೇಳುವವಳು ಸ್ಕೌಟ್ ಎಂಬ ಬಿಳಿಯ ಹುಡುಗಿ, ನಮ್ಮ ಮನಸ್ಸಿನಲ್ಲಿ ಉಳಿಯುವವನು ಅವಳ ತಂದೆ, ವಕೀಲ. ಒಳ್ಳೆಯ ಕಾದಂಬರಿಯೇ. ಆದರೂ ರಾತ್ರಿ ಜೈಲಿನಲ್ಲಿ ಟಾಮ್ ಏನು ಯೋಚಿಸಿದ ಎಂಬುದು ನಮಗೆ ತಿಳಿಯುವುದೇ ಇಲ್ಲ.

ಹಾಗಾದರೆ ಕಪ್ಪು ನಾಯಕನನ್ನು ನಡುವೆ ನಿಲ್ಲಿಸಿದರೆ ಸಾಕೇ? ಜಾಯ್ಸ್ ಕ್ಯಾರಿ ಎಂಬ ಬ್ರಿಟಿಷ್ ವಸಾಹತಿನ ಅಧಿಕಾರಿಯಾಗಿದ್ದ ಲೇಖಕ 1939ರಲ್ಲಿ 'ಮಿಸ್ಟರ್ ಜಾನ್ಸನ್' ಬರೆದ. ನೈಜೀರಿಯಾದ ಗುಮಾಸ್ತನೇ ನಾಯಕ, ಶೀರ್ಷಿಕೆಯೂ ಅವನದೇ. ಆದರೆ ಅವನು ಕುಣಿಯುವ, ಸಾಲ ಮಾಡುವ, ಬಿಳಿಯ ದೊರೆಯನ್ನು ಆರಾಧಿಸುವ ಪೆದ್ದ. ಕೊನೆಗೆ ಆ ದೊರೆಯ ಗುಂಡಿಗೇ ಸಾಯುತ್ತಾನೆ. ಇಬಾದಾನಿನ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರು ಇದನ್ನು ಮೆಚ್ಚಿ ಪಾಠ ಮಾಡಿದರು. ಜಾನ್ಸನ್ ಸತ್ತ ಘಳಿಗೆಯೊಂದೇ ತನಗೆ ಖುಷಿ ಕೊಟ್ಟಿತು ಎಂದು ಒಬ್ಬ ವಿದ್ಯಾರ್ಥಿ ಎದುರಿಗೇ ಹೇಳಿಬಿಟ್ಟ. ಅದೇ ತರಗತಿಯಲ್ಲಿದ್ದವರು ಚಿನುವಾ ಅಚೆಬೆ.

ಅಚೆಬೆ 1958ರಲ್ಲಿ 'ಥಿಂಗ್ಸ್ ಫಾಲ್ ಅಪಾರ್ಟ್' ಬರೆದರು. ಅದರ ನಾಯಕ ಒಕೊಂಕ್ವೊ ಒಳ್ಳೆಯವನೇನಲ್ಲ. ಹೆಂಡತಿಯನ್ನು ಹೊಡೆಯುತ್ತಾನೆ. ತನ್ನನ್ನು ಅಪ್ಪ ಎಂದು ಕರೆದ ಹುಡುಗನ ಮೇಲೆ ಕತ್ತಿ ಬೀಸುತ್ತಾನೆ, ಅಂಜುಬುರುಕ ಅನ್ನಿಸಿಕೊಳ್ಳಬಾರದೆಂದು. ಆಫ್ರಿಕದವರನ್ನು ಗೌರವದಿಂದ ತೋರಿಸಲು ಹೊರಟ ಲೇಖಕ ಇಂಥವನನ್ನು ಏಕೆ ಆರಿಸಿದರು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯತನದ ಪ್ರಮಾಣಪತ್ರ ತೋರಿಸಿ ಒಳಗೆ ಬರಬೇಕಾದವನು ಅತಿಥಿ. ಮನೆಯವನಿಗೆ ತಪ್ಪು ಮಾಡುವ ಹಕ್ಕೂ ಇರುತ್ತದೆ. ಒಕೊಂಕ್ವೊನ ಭಯ ಅವನ ಅಪ್ಪನಿಂದ ಬಂದದ್ದು, ಚರ್ಮದ ಬಣ್ಣದಿಂದಲ್ಲ.

(ನಮ್ಮಲ್ಲೂ ಇಂಥದ್ದೊಂದು ಇದೆ. ಜನಾಂಗದ ಮಾತಲ್ಲ, ಆದರೂ ಪ್ರಶ್ನೆ ಹತ್ತಿರದ್ದು. ಎಷ್ಟೋ ಕನ್ನಡ ಕಥೆಗಳಲ್ಲಿ ಮುಸ್ಲಿಂ ಪಾತ್ರವೆಂದರೆ ಈದ್ ದಿನ ಬಿರಿಯಾನಿ ಕಳಿಸುವ ನೆರೆಮನೆಯವರು. ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದಾಗ ನಾದಿರಾ ಅಂಗಳ ದಾಟಿ ಕಥೆಯ ನಡುವಿಗೆ ಬಂದಳು.)

ಒಂದು ಎಚ್ಚರಿಕೆ. ಲೇಖಕರು ಬರೆದರೂ ಓದುವವರು ಬಣ್ಣ ಬದಲಿಸಿಬಿಡುತ್ತಾರೆ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ 'ಎ ವಿಝರ್ಡ್ ಆಫ್ ಅರ್ತ್‌ಸೀ'ಯ ನಾಯಕ ಗೆಡ್ ಕೆಂಪುಗಂದು ಮೈಬಣ್ಣದವನು, ಅವನ ಗೆಳೆಯ ಇನ್ನೂ ಕಪ್ಪು. ದ್ವೀಪಗಳ ಮೇಲೆ ದಾಳಿ ಮಾಡುವವರು ಬಿಳಿಯರು. ಆದರೂ ಹಲವು ಮುಖಪುಟಗಳಲ್ಲಿ ಗೆಡ್ ಬೆಳ್ಳಗಾದ. 2004ರ ಟಿವಿ ಧಾರಾವಾಹಿಯಲ್ಲಿ ಬಿಳಿಯ ನಟನೇ ಆ ಪಾತ್ರ ಮಾಡಿದ. ಲೇಖಕಿ ಬಹಿರಂಗವಾಗಿ ಪ್ರತಿಭಟಿಸಿದರು.

ಮತ್ತೆ ಅಚೆಬೆಗೆ ಬರೋಣ, ಪರೀಕ್ಷೆಗೂ ಇದು ಬೇಕಾಗುತ್ತದೆ. ಕಾದಂಬರಿಯ ಕೊನೆಯ ಪುಟದಲ್ಲಿ ಒಕೊಂಕ್ವೊನ ಶವದ ಹತ್ತಿರದಿಂದ ಜಿಲ್ಲಾಧಿಕಾರಿ ಹಿಂತಿರುಗುತ್ತಿದ್ದಾನೆ. ತಾನು ಬರೆಯಲಿರುವ ಪುಸ್ತಕದ ಚಿಂತೆ ಅವನಿಗೆ. ಈ ಮನುಷ್ಯನ ಬಗ್ಗೆ ಒಂದು ಅಧ್ಯಾಯ ಬರೆಯಬಹುದು ಎಂದುಕೊಳ್ಳುತ್ತಾನೆ. ಆಮೇಲೆ, ಅಧ್ಯಾಯ ಬೇಡ, ಒಂದು ಪ್ಯಾರಾ ಸಾಕು ಅನ್ನಿಸುತ್ತದೆ. ಆ ಪ್ಯಾರಾ ಹೇಗಿದ್ದೀತು ಎಂದು ಐದಾರು ವಾಕ್ಯಗಳಲ್ಲಿ ಬರೆದು ತನ್ನಿ, ಅಧಿಕಾರಿಯ ದನಿಯಲ್ಲೇ. ನೀಲಿ ಕಣ್ಣಿನ ನಾಲ್ಕು ಕಥೆಗಳು ನನ್ನ ಮೇಜಿನ ಮೇಲಿವೆ. ಬರೆದವರು ಅವನ್ನೂ ಹಾಗೇ ಬಂದು ತೆಗೆದುಕೊಂಡು ಹೋಗಿ.