ಚಿಯಾ ಬೀಜ: ಬೆಳೆಗಾರರ ಮನೆಯ ಊಟದಲ್ಲಿ ಅದರ ಸ್ಥಾನ

ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಲವಾರು ರೈತರಿಗೆ ಚಿಯಾ ಈಗ ಅಪರಿಚಿತ ಬೆಳೆಯಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು 2010ರ ನಂತರದ ವರ್ಷಗಳಲ್ಲಿ ಈ ಬೆಳೆಯ ಬೇಸಾಯ ಕ್ರಮವನ್ನು ರೂಪಿಸಿ, ಬೀಜ ಒದಗಿಸಿ, ಪ್ರಚಾರಕ್ಕೆ ತಂದಿತು. ಆದರೆ ಬೆಳೆದವರ ಮನೆಯಲ್ಲಿ ಇದರ ಬಳಕೆ ಬಹಳ ಕಡಿಮೆ. ಬೆಳೆ ಒಕ್ಕಿದ ಮೇಲೆ ಕಾಳೆಲ್ಲವೂ ಚೀಲದಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ಇನ್ನೊಂದು ಕಡೆ, ಸಕ್ಕರೆ ಕಾಯಿಲೆಯಿಂದ ಹಿಡಿದು ಮಂಡಿ ನೋವಿನವರೆಗೆ ಎಲ್ಲಕ್ಕೂ ಇದೇ ಔಷಧವೆಂಬ ಮಾತು ಕೇಳಿಬರುತ್ತಿದೆ. ಈ ಮಾತನ್ನು ನಂಬಿ ನಿತ್ಯದ ಮಾತ್ರೆ ಬಿಡುವುದು ಪ್ರಾಣಕ್ಕೆ ಅಪಾಯಕಾರಿ. ಆದ್ದರಿಂದ ಚಿಯಾದಲ್ಲಿ ನಿಜವಾಗಿ ಏನಿದೆ, ಅದರಿಂದ ಯಾವ ಪ್ರಯೋಜನವನ್ನು ನಿರೀಕ್ಷಿಸಬಹುದು, ಹೇಗೆ ಬಳಸಬೇಕು ಎಂಬುದನ್ನು ಬೆಳೆಗಾರರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅವಶ್ಯಕ.

ಹಿನ್ನೆಲೆ

ಚಿಯಾ ನಮ್ಮ ತುಳಸಿ, ಕಾಮಕಸ್ತೂರಿ, ಪುದೀನಗಳ ಕುಟುಂಬಕ್ಕೆ ಸೇರಿದ ವಾರ್ಷಿಕ ಸಸ್ಯ. ಇದರ ಸಸ್ಯಶಾಸ್ತ್ರೀಯ ಹೆಸರು ಸಾಲ್ವಿಯಾ ಹಿಸ್ಪಾನಿಕಾ. 1753ರಲ್ಲಿ ಲಿನೇಯಸ್ ಕೊಟ್ಟ ಈ ಹೆಸರಿನಲ್ಲಿ ಸ್ಪೇನ್ ದೇಶದ ಸೂಚನೆಯಿದ್ದರೂ, ಇದರ ಮೂಲಸ್ಥಾನ ಮೆಕ್ಸಿಕೋ ಮತ್ತು ಗ್ವಾಟೆಮಾಲ. ಅಲ್ಲಿನ ಅಜ್ಟೆಕ್ ಜನರಿಗೆ ಮುಸುಕಿನ ಜೋಳ ಮತ್ತು ಹುರುಳಿಕಾಯಿಯ ಕಾಳುಗಳೊಂದಿಗೆ ಚಿಯಾ ಸಹ ಪ್ರಮುಖ ಆಹಾರವಾಗಿತ್ತು. ಅಧೀನ ಊರುಗಳು ರಾಜನಿಗೆ ಇದನ್ನು ಕಪ್ಪವಾಗಿ ಸಲ್ಲಿಸುತ್ತಿದ್ದುದು 16ನೆಯ ಶತಮಾನದ ದಾಖಲೆಗಳಿಂದ ತಿಳಿದುಬರುತ್ತದೆ. ಸ್ಪೇನಿನವರ ಆಳ್ವಿಕೆಯಲ್ಲಿ ಈ ಬೆಳೆ ಹಿಂದೆ ಬಿದ್ದಿತು. 1990ರ ದಶಕದಲ್ಲಿ ಅರ್ಜೆಂಟೀನಾದಲ್ಲಿ ನಡೆದ ಪ್ರಯೋಗಗಳ ನಂತರ ಪುನಃ ವಾಣಿಜ್ಯ ಬೆಳೆಯಾಗಿ ಬೊಲಿವಿಯಾ, ಪರಾಗ್ವೆ, ಆಸ್ಟ್ರೇಲಿಯ ಮುಂತಾದ ದೇಶಗಳಿಗೆ ಹರಡಿತು.

ಇದು ಹಗಲು ಕಡಿಮೆಯಾದಾಗ ಹೂ ಬಿಡುವ ಸಸ್ಯ. ಆದುದರಿಂದ ನಮ್ಮಲ್ಲಿ ಮುಂಗಾರಿನ ಕೊನೆ ಹಾಗೂ ಹಿಂಗಾರಿನ ಬಿತ್ತನೆಗೆ ಹೊಂದಿಕೊಳ್ಳುತ್ತದೆ.

ಬೀಜದ ರಚನೆ ಮತ್ತು ಪೋಷಕಾಂಶಗಳು

ಚಿಯಾ ಬೀಜವು ಎಳ್ಳಿಗಿಂತ ಚಿಕ್ಕದು, ಅಂಡಾಕಾರದ್ದು, ನಯವಾದುದು. ಬೂದು ಅಥವಾ ಕಂದು ಬಣ್ಣದ ಮೇಲೆ ಕಪ್ಪು ಗೆರೆಗಳಿರುತ್ತವೆ; ಬಿಳಿಯ ಬೀಜದ ತಳಿಗಳೂ ಇವೆ. ಸಿಪ್ಪೆಯ ಹೊರಪದರದಲ್ಲಿ ಲೋಳೆಯ ಪದಾರ್ಥವಿದ್ದು, ನೀರು ತಾಗಿದೊಡನೆ ಅದು ಉಬ್ಬುತ್ತದೆ. ಬೀಜವು ತನ್ನ ತೂಕದ ಸುಮಾರು 10 ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಗುಣವೇ ಅದರ ಪ್ರಯೋಜನಕ್ಕೂ ಅಪಾಯಕ್ಕೂ ಕಾರಣವೆಂಬುದನ್ನು ಮುಂದೆ ನೋಡಬಹುದು.

ಪ್ರತಿ 100 ಗ್ರಾಂನಲ್ಲಿ ಇರುವ ಪೋಷಕಾಂಶಗಳ ಸರಾಸರಿ ಪ್ರಮಾಣ ಈ ರೀತಿ ಇದೆ:

ಚಿಯಾ: ಸಸಾರಜನಕ 16.5 ಗ್ರಾಂ, ಕೊಬ್ಬು 31 ಗ್ರಾಂ, ನಾರು 34 ಗ್ರಾಂ, ಸುಣ್ಣದಂಶ 630 ಮಿ.ಗ್ರಾಂ, ಕಬ್ಬಿಣ 7.7 ಮಿ.ಗ್ರಾಂ, ಒಮೇಗಾ-3 ಕೊಬ್ಬಿನಾಮ್ಲ 17 ರಿಂದ 18 ಗ್ರಾಂ.

ಅಗಸೆ: ಸಸಾರಜನಕ 18 ಗ್ರಾಂ, ಕೊಬ್ಬು 36 ರಿಂದ 42 ಗ್ರಾಂ, ನಾರು 26 ರಿಂದ 27 ಗ್ರಾಂ, ಸುಣ್ಣದಂಶ 255 ಮಿ.ಗ್ರಾಂ, ಕಬ್ಬಿಣ 5.5 ಮಿ.ಗ್ರಾಂ, ಒಮೇಗಾ-3 ಕೊಬ್ಬಿನಾಮ್ಲ 18 ರಿಂದ 23 ಗ್ರಾಂ.

ರಾಗಿ: ಸಸಾರಜನಕ 7 ಗ್ರಾಂ, ಕೊಬ್ಬು 2 ಗ್ರಾಂ, ನಾರು 11 ಗ್ರಾಂ, ಸುಣ್ಣದಂಶ 364 ಮಿ.ಗ್ರಾಂ, ಕಬ್ಬಿಣ 4.6 ಮಿ.ಗ್ರಾಂ, ಒಮೇಗಾ-3 ಅತ್ಯಲ್ಪ.

ಈ ಅಂಕಿಗಳನ್ನು ಓದುವಾಗ ಒಂದು ವಿಷಯವನ್ನು ಮರೆಯಬಾರದು. ಚಿಯಾವನ್ನು ಯಾರೂ ದಿನಕ್ಕೆ 100 ಗ್ರಾಂ ತಿನ್ನುವುದಿಲ್ಲ. ಒಂದು ದೊಡ್ಡ ಚಮಚ ತುಂಬ, ಅಂದರೆ ಸುಮಾರು 15 ಗ್ರಾಂ ತಿಂದರೆ ದೊರೆಯುವುದು 73 ಕ್ಯಾಲೊರಿ ಶಕ್ತಿ, 2.5 ಗ್ರಾಂ ಸಸಾರಜನಕ, 5 ಗ್ರಾಂ ನಾರು, 95 ಮಿ.ಗ್ರಾಂ ಸುಣ್ಣದಂಶ, 1.2 ಮಿ.ಗ್ರಾಂ ಕಬ್ಬಿಣ ಮತ್ತು ಸುಮಾರು 2.6 ಗ್ರಾಂ ಒಮೇಗಾ-3.

ಈಗ ಅಗತ್ಯದೊಂದಿಗೆ ಹೋಲಿಸಿ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ ಸುಣ್ಣದಂಶ, ಹೆಣ್ಣುಮಕ್ಕಳಿಗೆ 29 ಮಿ.ಗ್ರಾಂ ಕಬ್ಬಿಣ ಬೇಕು. ಒಂದು ಚಮಚ ಚಿಯಾ ಸುಣ್ಣದಂಶದ ಹತ್ತನೆಯ ಒಂದು ಭಾಗವನ್ನು ಮಾತ್ರ ಕೊಡುತ್ತದೆ. ಕಬ್ಬಿಣದಲ್ಲಿ ಇಪ್ಪತ್ತನೆಯ ಒಂದು ಭಾಗವೂ ಆಗುವುದಿಲ್ಲ. ನೂರು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆಯಲ್ಲಿ ಇದರ ಮೂರೂವರೆ ಪಟ್ಟಿಗೂ ಹೆಚ್ಚು ಸುಣ್ಣದಂಶವಿದೆ. ಆದ್ದರಿಂದ ಮೂಳೆಯ ಬಲಕ್ಕೆ ರಾಗಿ, ಹಾಲು, ಎಳ್ಳನ್ನು ಬಿಟ್ಟು ಚಿಯಾ ನೆಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ರಕ್ತಹೀನತೆಯಿರುವ ಗರ್ಭಿಣಿಯರು ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಗೆ ಬದಲಾಗಿ ಇದನ್ನು ಎಂದಿಗೂ ಬಳಸಬಾರದು.

ಆದರೆ ಎರಡು ಅಂಶಗಳಲ್ಲಿ ಈ ಒಂದು ಚಮಚದ ಕೊಡುಗೆ ದೊಡ್ಡದು. ಒಂದನೆಯದು ನಾರು. ಎರಡನೆಯದು ಒಮೇಗಾ-3 ವರ್ಗದ ಆಲ್ಫಾ ಲಿನೋಲೆನಿಕ್ ಆಮ್ಲ. ಈ ಆಮ್ಲವನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ನೆಲಗಡಲೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ವಯಸ್ಕರಿಗೆ ದಿನಕ್ಕೆ ಒಂದರಿಂದ ಒಂದೂವರೆ ಗ್ರಾಂ ಸಾಕಾಗುವುದರಿಂದ, ಒಂದು ಚಮಚ ಚಿಯಾ ಆ ದಿನದ ಅಗತ್ಯವನ್ನು ಪೂರೈಸಿ ಮಿಗುತ್ತದೆ.

ಸಂಶೋಧನೆಗಳು ಏನು ಹೇಳುತ್ತವೆ?

ಚಿಯಾ ಸೇವನೆಯ ಬಗ್ಗೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಹೆಚ್ಚಿನವು ಚಿಕ್ಕವು. ಅವುಗಳ ಫಲಿತಾಂಶಗಳೂ ಒಂದೇ ರೀತಿಯಾಗಿಲ್ಲ.

ಕೆನಡಾದ ಟೊರಾಂಟೊದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 20 ಮಂದಿ ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆ ಸುಮಾರು 37 ಗ್ರಾಂನಂತೆ 12 ವಾರ ಚಿಯಾ ಕೊಡಲಾಯಿತು. ಅವರ ಮೇಲಿನ ರಕ್ತದೊತ್ತಡ ಸರಾಸರಿ 6 ಅಂಶದಷ್ಟು ಇಳಿಯಿತು. ಗಮನಿಸಬೇಕಾದುದೆಂದರೆ, ಇವರೆಲ್ಲರೂ ತಮ್ಮ ಚಿಕಿತ್ಸೆಯನ್ನು ಮುಂದುವರಿಸಿಕೊಂಡೇ ಚಿಯಾ ತಿಂದವರು. ಅದೇ ಊರಿನಲ್ಲಿ 2010ರಲ್ಲಿ ವರದಿಯಾದ ಇನ್ನೊಂದು ಪರೀಕ್ಷೆಯಲ್ಲಿ 11 ಮಂದಿ ಆರೋಗ್ಯವಂತರಿಗೆ ಚಿಯಾ ಬೆರೆಸಿದ ಬ್ರೆಡ್ ಕೊಟ್ಟಾಗ, ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವ ಪ್ರಮಾಣ ತಗ್ಗಿತು. ಲೋಳೆಯು ಹೊಟ್ಟೆಯಲ್ಲಿನ ಆಹಾರವನ್ನು ಮಂದಗೊಳಿಸಿ, ಪಿಷ್ಟ ಕರಗಿ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುವುದು ಇದಕ್ಕೆ ಕಾರಣವೆಂದು ತಿಳಿಯಲಾಗಿದೆ.

ತೂಕ ಇಳಿಯುವ ವಿಷಯದಲ್ಲಿ ಎರಡು ಬಗೆಯ ಫಲಿತಾಂಶಗಳಿವೆ. ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಥೂಲಕಾಯದವರು ದಿನಕ್ಕೆ 50 ಗ್ರಾಂನಂತೆ 12 ವಾರ ತಿಂದರೂ ತೂಕ ಇಳಿಯಲಿಲ್ಲ. 2017ರಲ್ಲಿ ಟೊರಾಂಟೊದಿಂದ ಬಂದ ವರದಿಯಲ್ಲಿ, ಆರು ತಿಂಗಳು ಮಿತಾಹಾರದೊಂದಿಗೆ ಚಿಯಾ ತಿಂದ ಸಕ್ಕರೆ ಕಾಯಿಲೆಯವರು ಸರಾಸರಿ 1.9 ಕಿ.ಗ್ರಾಂ ಇಳಿದರು, ಮಿತಾಹಾರದೊಂದಿಗೆ ಓಟ್ಸ್ ತೌಡು ತಿಂದವರು 0.3 ಕಿ.ಗ್ರಾಂ ಮಾತ್ರ ಇಳಿದರು. ಎಂದಿನ ಊಟವನ್ನು ಕಡಿಮೆ ಮಾಡದೆ ಅದರ ಮೇಲೆ ಒಂದು ಚಮಚ ಚಿಯಾ ಸೇರಿಸಿದರೆ ದೇಹಕ್ಕೆ 73 ಕ್ಯಾಲೊರಿ ಹೆಚ್ಚಾಗಿ ಸೇರುತ್ತದೆಯೇ ಹೊರತು ತೂಕ ಕರಗುವುದಿಲ್ಲ.

ಇಡಿಯೋ, ಪುಡಿಯೋ?

ಈ ಪ್ರಶ್ನೆಗೆ 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಸ್ಪಷ್ಟ ಉತ್ತರ ಕೊಟ್ಟಿದೆ. ಮುಟ್ಟು ನಿಂತ 56 ಮಂದಿ ಮಹಿಳೆಯರಿಗೆ 10 ವಾರ ಕಾಲ ದಿನಕ್ಕೆ 25 ಗ್ರಾಂ ಇಡಿ ಚಿಯಾ, ಪುಡಿ ಮಾಡಿದ ಚಿಯಾ, ಅಥವಾ ಚಿಯಾ ಇಲ್ಲದ ಬೇರೆ ಪದಾರ್ಥವನ್ನು ಕೊಡಲಾಯಿತು. ಪುಡಿ ತಿಂದವರ ರಕ್ತದಲ್ಲಿ ಆಲ್ಫಾ ಲಿನೋಲೆನಿಕ್ ಆಮ್ಲ ಶೇ. 58ರಷ್ಟು ಹೆಚ್ಚಿತು. ಇಡಿ ಬೀಜ ತಿಂದವರಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಚೆನ್ನಾಗಿ ಅಗಿಯದೆ ನುಂಗಿದ ಬೀಜ ಒಡೆಯದೆ ಹಾಗೆಯೇ ಹೊರಗೆ ಹೋಗುವುದು ಇದಕ್ಕೆ ಕಾರಣ. ಆದುದರಿಂದ ಮಲಬದ್ಧತೆಗೆ ನೆನೆಸಿದ ಇಡಿ ಬೀಜ ಸಾಕು. ಒಮೇಗಾ-3 ದೊರೆಯಬೇಕಾದರೆ ಪುಡಿ ಮಾಡಿಯೇ ಬಳಸಬೇಕು.

ಇಡಿ ಬೀಜವು ತಂಪಾದ ಒಣ ಜಾಗದಲ್ಲಿ ಬಹುಕಾಲ ಕೆಡದೆ ಉಳಿಯುತ್ತದೆ. ಪುಡಿಯಲ್ಲಿ ಎಣ್ಣೆ ಗಾಳಿಗೆ ಒಡ್ಡಿಕೊಂಡು ಕಮಟು ಹಿಡಿಯುತ್ತದೆ. ವಾರಕ್ಕೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಬೇಕು.

ಬಳಸುವ ಕ್ರಮ

1. ಮೊದಲ ವಾರ ದಿನಕ್ಕೆ ಒಂದು ಟೀ ಚಮಚದಿಂದ ಪ್ರಾರಂಭಿಸಿ. ಒಮ್ಮೆಗೇ ಹೆಚ್ಚು ನಾರು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ನಂತರ 10 ರಿಂದ 15 ಗ್ರಾಂಗೆ ಏರಿಸಬಹುದು.

2. ಇಡಿ ಬೀಜವನ್ನು ಒಂದು ದೊಡ್ಡ ಚಮಚಕ್ಕೆ ಒಂದು ಲೋಟ ನೀರಿನಂತೆ ಅರ್ಧ ಗಂಟೆ ನೆನೆಸಿ, ನಡುವೆ ಎರಡು ಬಾರಿ ಕಲಕಬೇಕು. ಇದನ್ನು ಮಜ್ಜಿಗೆ ಅಥವಾ ನಿಂಬೆ ಪಾನಕಕ್ಕೆ ಸೇರಿಸಬಹುದು.

3. ಪುಡಿಯನ್ನು ರಾಗಿ ಅಂಬಲಿಗೆ ಒಲೆಯಿಂದ ಇಳಿಸಿದ ಮೇಲೆ ಬೆರೆಸಬಹುದು. ರೊಟ್ಟಿ, ಚಪಾತಿಯ ಹಿಟ್ಟಿಗೂ ಚಟ್ನಿ ಪುಡಿಗೂ ಸೇರಿಸಬಹುದು.

4. ಚಿಯಾ ತಿನ್ನುವ ದಿನಗಳಲ್ಲಿ ನೀರನ್ನು ಹೆಚ್ಚಾಗಿ ಕುಡಿಯಬೇಕು. ಇಲ್ಲವಾದರೆ ಮಲಬದ್ಧತೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ.

ಎಚ್ಚರಿಕೆಗಳು

ಒಣ ಬೀಜವನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದು ಸಲ್ಲದು. 2014ರಲ್ಲಿ ಅಮೆರಿಕದ ವೈದ್ಯರ ಸಮ್ಮೇಳನವೊಂದರಲ್ಲಿ ವರದಿಯಾದ ಪ್ರಸಂಗದಲ್ಲಿ, ನುಂಗುವ ತೊಂದರೆಯಿದ್ದ 39 ವರ್ಷದ ವ್ಯಕ್ತಿಯೊಬ್ಬರು ಹೀಗೆ ಮಾಡಿದಾಗ ಬೀಜಗಳು ಅನ್ನನಾಳದಲ್ಲಿಯೇ ಉಬ್ಬಿ ಗಟ್ಟಿಯಾದ ಉಂಡೆಯಾಗಿ ದಾರಿ ಕಟ್ಟಿದ್ದವು. ವೈದ್ಯರು ಅದನ್ನು ಕೊಳವೆಯ ಮೂಲಕ ತೆಗೆಯಬೇಕಾಯಿತು. ಚಿಕ್ಕ ಮಕ್ಕಳಿಗೆ ಮತ್ತು ನುಂಗಲು ಕಷ್ಟಪಡುವ ವೃದ್ಧರಿಗೆ ಒಣ ಬೀಜವನ್ನು ಕೊಡಲೇಬಾರದು.

ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಮಾತ್ರೆ ನುಂಗುತ್ತಿರುವವರು ಹಾಗೂ ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ತಿಳಿಸಿಯೇ ಚಿಯಾ ಪ್ರಾರಂಭಿಸಬೇಕು. ಮಾತ್ರೆಯನ್ನು ತಾವಾಗಿಯೇ ಬಿಡಬಾರದು, ಕಡಿಮೆ ಮಾಡಲೂಬಾರದು.

ಕಾಮಕಸ್ತೂರಿ ಬೀಜವನ್ನು ಚಿಯಾ ಎಂದು ತಿಳಿದು ಕೊಳ್ಳುವವರೂ ಇದ್ದಾರೆ. ಕಾಮಕಸ್ತೂರಿ ಬೀಜ ಪೂರ್ತಿ ಕಪ್ಪಾಗಿದ್ದು, ಹೊಳಪಿಲ್ಲದೆ, ನೀರಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ. ಚಿಯಾ ನಯವಾಗಿ, ಗೆರೆಗಳಿಂದ ಕೂಡಿದ್ದು, ನಿಧಾನವಾಗಿ ಉಬ್ಬುತ್ತದೆ. ಎರಡೂ ತಿನ್ನಲು ಯೋಗ್ಯವೇ. ಆದರೆ ಒಂದರ ಬೆಲೆಗೆ ಇನ್ನೊಂದನ್ನು ಕೊಳ್ಳಬಾರದು.

ಒಕ್ಕಣೆಯಲ್ಲಿ ಶುಚಿತ್ವ

ಅಕ್ಕಿ, ಬೇಳೆಗಳನ್ನು ತೊಳೆದು ಬೇಯಿಸುತ್ತೇವೆ. ಚಿಯಾವನ್ನು ತೊಳೆಯಲು ಬರುವುದಿಲ್ಲ. ನೀರು ತಾಗಿದೊಡನೆ ಲೋಳೆಯಾಗುತ್ತದೆ. ಬೇಯಿಸದೆ, ಸಿಪ್ಪೆಯ ಸಮೇತ ತಿನ್ನುವುದರಿಂದ ಕಣದಲ್ಲಿ ಸೇರಿದ ಧೂಳು, ಸಗಣಿ, ಇಲಿ ಹಿಕ್ಕೆ, ಔಷಧದ ಶೇಷ ಎಲ್ಲವೂ ನೇರವಾಗಿ ಹೊಟ್ಟೆ ಸೇರುತ್ತದೆ. 2014ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಮೊಳಕೆ ಬರಿಸಿದ ಚಿಯಾ ಪುಡಿಯಿಂದ ಸಾಲ್ಮೊನೆಲ್ಲಾ ರೋಗಾಣು ಹರಡಿ ಜನರು ಕಾಯಿಲೆ ಬಿದ್ದುದು ಈ ವಿಷಯದಲ್ಲಿ ದೊಡ್ಡ ಪಾಠ.

ಆದ್ದರಿಂದ ತೆನೆಗಳನ್ನು ರಸ್ತೆಯ ಮೇಲಾಗಲಿ ಸಗಣಿ ಸಾರಿಸಿದ ಕಣದಲ್ಲಾಗಲಿ ಒಕ್ಕಬಾರದು. ಶುಚಿಯಾದ ಟಾರ್ಪಾಲಿನ ಮೇಲೆ ಒಣಗಿಸಿ ಬಡಿದು, ತೂರಿ, ಸಣ್ಣ ಕಣ್ಣಿನ ಜರಡಿಯಿಂದ ಮಣ್ಣು ಕಲ್ಲು ಬೇರ್ಪಡಿಸಬೇಕು. ಬೀಜವನ್ನು ಚೆನ್ನಾಗಿ ಒಣಗಿಸಿ ಹೊಸ ಚೀಲಗಳಲ್ಲಿ ತುಂಬಬೇಕು; ಗೊಬ್ಬರದ ಖಾಲಿ ಚೀಲ ಕೂಡದು. ಹೀಗೆ ಮಾಡಿದ ಮಾಲಿಗೆ ಮಾರುಕಟ್ಟೆಯಲ್ಲಿ ತಕರಾರು ಬರುವುದಿಲ್ಲ. ಮನೆಯ ಬಳಕೆಗೂ ಅದು ನಿರ್ಭಯ.

ಚಿಯಾ ಇಲ್ಲದವರು ಏನು ಮಾಡಬೇಕು?

ಚಿಯಾ ಬೆಳೆಯದವರು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳಲೇಬೇಕೆಂಬ ನಿಯಮವಿಲ್ಲ. ಮೇಲಿನ ಅಂಕಿಗಳಂತೆ ಒಮೇಗಾ-3 ವಿಷಯದಲ್ಲಿ ನಮ್ಮ ಅಗಸೆ ಚಿಯಾಕ್ಕೆ ಸರಿಸಮಾನ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯೊಂದಿಗೆ ಬಳಸುವ ಅಗಸಿ ಹಿಂಡಿ ಇದೇ ಪ್ರಯೋಜನವನ್ನು ತಲೆತಲಾಂತರದಿಂದ ಕೊಡುತ್ತ ಬಂದಿದೆ. ಅದನ್ನು ಹುರಿದು ಕುಟ್ಟಿ ಬಳಸುವ ರೂಢಿಯೂ ಶಾಸ್ತ್ರಸಮ್ಮತವೇ ಆಗಿದೆ. ಹುಚ್ಚೆಳ್ಳು ಪೌಷ್ಟಿಕವಾದರೂ ಅದರ ಎಣ್ಣೆಯಲ್ಲಿರುವುದು ಬಹುತೇಕ ಒಮೇಗಾ-6 ವರ್ಗದ ಆಮ್ಲ. ಆದುದರಿಂದ ಈ ಒಂದು ವಿಷಯದಲ್ಲಿ ಅದು ಅಗಸೆಗೆ ಬದಲಿಯಾಗದು. ಸಸ್ಯಮೂಲದ ಒಮೇಗಾ-3 ನಮ್ಮ ದೇಹದಲ್ಲಿ ಮೀನಿನಲ್ಲಿರುವ ರೂಪಕ್ಕೆ ಮಾರ್ಪಡುವುದು ಅತಿ ಕಡಿಮೆ ಪ್ರಮಾಣದಲ್ಲಿ. ಮೀನು ತಿನ್ನುವವರು ಅದನ್ನು ಬಿಟ್ಟು ಚಿಯಾ ಹಿಡಿಯಬೇಕಾಗಿಲ್ಲ.

ಬೆಳೆದವರ ಲೆಕ್ಕ ಬೇರೆ. ಐದು ಮಂದಿ ವಯಸ್ಕರ ಮನೆಗೆ ತಲಾ 10 ಗ್ರಾಂನಂತೆ ದಿನಕ್ಕೆ 50 ಗ್ರಾಂ, ವರ್ಷಕ್ಕೆ ಸುಮಾರು 18 ಕಿ.ಗ್ರಾಂ ಸಾಕು. ಐವತ್ತು ಕಿ.ಗ್ರಾಂ ಚೀಲದ ಅರ್ಧವೂ ಬೇಕಾಗುವುದಿಲ್ಲ. ಧಾರಣೆ ಏರಲಿ ಇಳಿಯಲಿ, ಒಕ್ಕಣೆಯ ದಿನವೇ ಇಷ್ಟನ್ನು ಮನೆಗೆಂದು ಅಳೆದು ತೆಗೆದಿಟ್ಟು, ಉಳಿದುದನ್ನು ಮಾರುವುದು ವಿವೇಕದ ಕ್ರಮ. ವಿಸ್ತರಣಾ ಕಾರ್ಯಕರ್ತರು ಚಿಯಾ ಬೇಸಾಯದ ತರಬೇತಿ ನಡೆಸುವಾಗ ಮನೆಯ ಹೆಣ್ಣುಮಕ್ಕಳನ್ನೂ ಕರೆದು, ನೆನೆಸುವ, ಪುಡಿ ಮಾಡುವ ಮತ್ತು ಅಂಬಲಿಗೆ ಬೆರೆಸುವ ಕ್ರಮವನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸಬೇಕು. ಚಿಯಾ ಒಳ್ಳೆಯ ಆಹಾರವೇ ಹೊರತು ಔಷಧವಲ್ಲ ಎಂಬ ಮಾತನ್ನೂ ಅದೇ ಸಭೆಯಲ್ಲಿ ಸ್ಪಷ್ಟವಾಗಿ ಹೇಳಬೇಕು.