ದಾಂಡೇಲಿಗೆ ಬರುವವರು ಮೊದಲು ತಿಂಗಳು ನೋಡಿ

"ಕಾಕಾ, ದಾಂಡೇಲಿಗೆ ಯಾವಾಗ ಬಂದರೆ ಛಲೋ?" ಅಂತ ಪ್ಯಾಟಿ ಹುಡುಗರು ಕೇಳುತ್ತಲೇ ಇರುತ್ತಾರೆ. ಏನು ನೋಡಬೇಕು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ರಜೆ ಆಮೇಲೆ ಹಾಕಿ. ಬಹಳ ಮಂದಿ ಇದನ್ನು ಉಲ್ಟಾ ಮಾಡುತ್ತಾರೆ. ಆಗಸ್ಟ್ ಹದಿನೈದಕ್ಕೆ ಸಾಲು ರಜೆ ಸಿಕ್ಕಿತೆಂದು ರಾಫ್ಟಿಂಗಿಗೆ ಬಂದು, ಮಳೆಗೆ ಎಲ್ಲ ಬಂದ್ ಆಗಿರುವುದನ್ನು ಕಂಡು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಮಳೆಯ ಸೀಮೆ. ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಕಟ್ಟಿದ್ದುಂಟು. ಸಿಂಥೇರಿ ಬಂಡೆಗೆ ಇಳಿಯುವ ಮೆಟ್ಟಿಲು ಜಾರುತ್ತದೆ. ಮಳೆಯನ್ನೇ ನೋಡಬೇಕೆಂದರೆ ಬನ್ನಿ, ಉಂಬಳಕ್ಕೆ ಉಪ್ಪು ಜೇಬಿನಲ್ಲಿರಲಿ, ಹಳ್ಳಕ್ಕೆ ಮಾತ್ರ ಇಳಿಯಬೇಡಿ. ಸಿಂಥೇರಿಯನ್ನು ಮಳೆ ಹಿಂದೆ ಸರಿದ ಮೇಲೆ, ನವೆಂಬರ್ ಹೊತ್ತಿಗೆ ನೋಡಿ.

ರಾಫ್ಟಿಂಗಿನ ವಿಷಯ ಒಂದು ತಿಳಿದಿರಲಿ. ರಾಫ್ಟಿಂಗ್ ನಡೆಯುವ ಗಣೇಶಗುಡಿಯಲ್ಲಿ ಕಾಳಿ ಹೊಳೆ ಹರಿಯುವುದು ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ. ವಿದ್ಯುತ್ ತೆಗೆಯಲು ನೀರು ಬಿಟ್ಟಾಗ ಹೊಳೆ ಏರುತ್ತದೆ, ನಿಲ್ಲಿಸಿದಾಗ ಬಂಡೆ ಕಾಣುತ್ತದೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಜಾಗ ಮಧ್ಯಾಹ್ನ ಹಾಗೇ ಇರುತ್ತದೆಂದು ನಂಬಬೇಡಿ. ದಾಂಡೇಲಿ ಊರಿನ ಹತ್ತಿರ ನೀರು ಶಾಂತವಾಗಿ ಕಂಡರೆ ಇನ್ನೂ ಹುಷಾರು, ಅಲ್ಲಿ ಮೊಸಳೆಗಳಿವೆ. 2021ರಲ್ಲಿ ದಂಡೆಯಲ್ಲಿ ಮೀನಿಗೆ ಕೂತ ಹುಡುಗನನ್ನು ಮೊಸಳೆ ಎಳೆದೊಯ್ದದ್ದನ್ನು ಈ ಊರು ಮರೆತಿಲ್ಲ. ಕಾಲು ತೊಳೆಯಲಿಕ್ಕೂ ಇಳಿಯಬೇಡಿ ಮಕ್ಕಳೇ.

ಮಂಗಟ್ಟೆ ಹಕ್ಕಿಗಾಗಿ ಬರುವವರಿಗೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ, ನನಗೆ ಬಲು ಪ್ರೀತಿಯ ಕಾಲವೂ ಅದೇ. ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು, ಪೊಟರೆಯ ಬಾಯಿಯನ್ನು ಮೆತ್ತಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಬಿಟ್ಟು ಮೊಟ್ಟೆಗೆ ಕೂರುತ್ತದೆ. ಗಂಡು ಗಂಟಲಲ್ಲಿ ತುಂಬಿಕೊಂಡು ಬಂದ ಆಲ, ಅತ್ತಿ ಹಣ್ಣನ್ನು ಒಂದೊಂದೇ ಹೊರತೆಗೆದು ಆ ಸೀಳಿನಲ್ಲಿ ಕೊಡುತ್ತದೆ. ಕ್ಯಾಮೆರಾ ಹಿಡಿದು ಮರದ ಬುಡಕ್ಕೇ ಹೋದರೆ ಗಂಡು ಹತ್ತಿರ ಬರುವುದಿಲ್ಲ. ಒಳಗಿರುವ ತಾಯಿ, ಮರಿ ಉಪವಾಸ ಬೀಳುತ್ತವೆ. ಗೂಡು ಬಿಟ್ಟುಬಿಡಿ, ಬೆಳಕು ಹರಿಯುವ ಮುಂಚೆ ಎದ್ದು ಟಿಂಬರ್ ಡಿಪೋ ಕಡೆ ನಡೆಯಿರಿ, ಹಕ್ಕಿ ತಾನಾಗಿ ಕಾಣಿಸುತ್ತದೆ.

ಚಳಿಗಾಲದಲ್ಲಿ ಜನರ ಹಬ್ಬಗಳೂ ಇವೆ. ಜನವರಿಯಲ್ಲಿ ಜೋಯಿಡಾದಲ್ಲಿ ಕುಣಬಿ ಸಮುದಾಯದವರ ಗೆಡ್ಡೆ ಗೆಣಸು ಮೇಳ ನಡೆಯುತ್ತದೆ. ಭಾರತ ಹುಣ್ಣಿಮೆ ಆಸುಪಾಸಿಗೆ ಉಳವಿ ಚನ್ನಬಸವಣ್ಣನ ಜಾತ್ರೆ, ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಆ ದಿನಗಳಲ್ಲಿ ಉಳವಿ ರಸ್ತೆಯಲ್ಲಿ ಎತ್ತುಗಳಿಗೆ ದಾರಿ ಬಿಟ್ಟು, ಹಾರ್ನ್ ಒತ್ತದೆ ನಿಧಾನ ಹೋಗಿ. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮಕ್ಕೂ ನವೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ. ಮುಂಡಗೋಡದ ಟಿಬೆಟಿಯನ್ ಕಾಲೊನಿಗೆ ವಿದೇಶಿ ಗೆಳೆಯರನ್ನು ಕರೆತರುವವರು ಸರ್ಕಾರದ ಅನುಮತಿ ಪತ್ರವನ್ನು ಮುಂಚಿತವಾಗಿ ಮಾಡಿಸಿಕೊಳ್ಳಬೇಕು.

ಜೋಯಿಡಾ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಪೆಟ್ರೋಲ್ ದಾಂಡೇಲಿಯಲ್ಲೇ ತುಂಬಿಸಿ, ಕೈಯಲ್ಲಿ ರೊಕ್ಕ ಇರಲಿ. ಕತ್ತಲಾಗುವ ಮೊದಲೇ ಉಳಿಯುವ ಜಾಗ ಮುಟ್ಟಿ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ರಾತ್ರಿಯ ರಸ್ತೆ ಪ್ರಾಣಿಗಳದು.

ವರ್ಷಕ್ಕೆ ಒಂದೇ ಸಲ ಬರಲಿಕ್ಕೆ ಆಗುವುದಾದರೆ ಫೆಬ್ರವರಿಯಲ್ಲಿ ಬನ್ನಿ, ಸಾಧ್ಯವಾದರೆ ಶನಿವಾರ, ಭಾನುವಾರ ಬಿಟ್ಟು ಬನ್ನಿ.